ಆರ್ಜಿನೈನ್, ಸೆರೀನ್, ಸಿಸ್ಟೀನ್, ಗ್ಲುಟಮೇಟ್: ನಿಮ್ಮ ಚರ್ಮಕ್ಕೆ, ಕೂದಲಿಗೆ ಯಾವ ಅಮೈನೋ ಆಮ್ಲ?

ಶಾಂಪೂ, ಫೇಸ್‌ವಾಶ್, ಸೀರಮ್, ಕಂಡೀಷನರ್, ಕೂದಲು ನೇರ ಮಾಡುವ ಕ್ರೀಮ್. ಈಗ ಇವೆಲ್ಲದರ ಮೇಲೂ ‘ಅಮೈನೋ ಆಮ್ಲ ಇದೆ’ ಎಂಬ ಮಾತು ಕಾಣುತ್ತದೆ. ಪ್ರೋಟೀನ್ ಕಟ್ಟುವ ಸಣ್ಣ ಘಟಕಗಳೇ ಅಮೈನೋ ಆಮ್ಲಗಳು. ಕೊಳ್ಳುವವರಿಗೆ ಇದರಿಂದ ಸಹಾಯಕ್ಕಿಂತ ಗೊಂದಲವೇ ಜಾಸ್ತಿ. ಫೇಸ್‌ವಾಶ್‌ನಲ್ಲಿ ಇರುವುದು ಕೊಳೆ ತೆಗೆಯುತ್ತದೆ. ಕ್ರೀಮ್‌ನಲ್ಲಿ ಇರುವುದು ನೀರು ಹಿಡಿದಿಡುತ್ತದೆ. ಜೆಲ್‌ನಲ್ಲಿ ಇರುವುದು ಹುಳಿಯನ್ನು ಇಳಿಸಿ ಜೆಲ್ ಗಟ್ಟಿಯಾಗಲು ನೆರವಾಗುತ್ತದೆ. ಪಾರ್ಲರ್‌ನಲ್ಲಿ ಕೂದಲಿಗೆ ಹಚ್ಚುವುದು ಕೂದಲಿನ ಒಳಗಿನ ಬಂಧಗಳನ್ನೇ ಬಿಡಿಸುತ್ತದೆ. ಎಲ್ಲವೂ ಒಂದೇ ಕುಟುಂಬದವು, ಕೆಲಸ ಮಾತ್ರ ಬೇರೆ ಬೇರೆ.

ಹಾಗಾಗಿ ‘ಅಮೈನೋ ಆಮ್ಲ ಇದೆಯಾ?’ ಎಂದು ಕೇಳಿದರೆ ಸಾಲದು. ಯಾವುದು ಇದೆ, ಅಲ್ಲಿ ಏನು ಮಾಡುತ್ತಿದೆ, ತೊಳೆದ ಮೇಲೆ ಅದು ಉಳಿಯುತ್ತದಾ ಎಂದು ನೋಡಬೇಕು. ಈ ಬರಹದಲ್ಲಿ ಆರ್ಜಿನೈನ್‌ಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರ ಹೆಸರಿನಲ್ಲಿ ಕೊಡುವ ಭರವಸೆಗಳೇ ಎಲ್ಲಕ್ಕಿಂತ ದೊಡ್ಡವು.

ಮೊದಲು ಚರ್ಮದ ಲೆಕ್ಕ

ಚರ್ಮದ ಅತಿ ಮೇಲಿನ ಪದರ ಸತ್ತ ಕೋಶಗಳದ್ದು. ಆ ಕೋಶಗಳ ಒಳಗೆ ನೀರನ್ನು ಹಿಡಿದಿಡುವ ಒಂದು ಮಿಶ್ರಣ ಇರುತ್ತದೆ. ಅದನ್ನು ನ್ಯಾಚುರಲ್ ಮಾಯಿಶ್ಚರೈಸಿಂಗ್ ಫ್ಯಾಕ್ಟರ್, ಚಿಕ್ಕದಾಗಿ ಎನ್‌ಎಂಎಫ್ ಎನ್ನುತ್ತಾರೆ. ಅದರಲ್ಲಿ ಸುಮಾರು 40% ಬಿಡಿ ಅಮೈನೋ ಆಮ್ಲಗಳು. ಸುಮಾರು 12% ಪಿಸಿಎ, ಅಷ್ಟೇ ಲ್ಯಾಕ್ಟೇಟ್, 7%ನಷ್ಟು ಯೂರಿಯಾ. ಉಳಿದದ್ದು ಸಕ್ಕರೆ, ಲವಣ ಮುಂತಾದವು. ಪಿಸಿಎ ಕೂಡ ಗ್ಲುಟಮಿನ್ ಎಂಬ ಅಮೈನೋ ಆಮ್ಲದಿಂದ ಆಗುವಂಥದ್ದೇ. ಅಂದರೆ ಚರ್ಮದ ಸ್ವಂತ ಮಾಯಿಶ್ಚರೈಸರ್‌ನಲ್ಲಿ ಅರ್ಧದಷ್ಟು ಈ ಕುಟುಂಬದ್ದೇ ಆಯಿತು. ಬಿಡಿ ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಸೆರೀನ್.

ಇವೆಲ್ಲ ಎಲ್ಲಿಂದ ಬರುತ್ತವೆ? ಚರ್ಮದಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಕೋಶಗಳು ಒಳಗಿನಿಂದ ಮೇಲಕ್ಕೆ ಬರುತ್ತಾ ಒಣಗುವಾಗ ಈ ಪ್ರೋಟೀನ್ ಒಡೆದು ಬಿಡಿ ಅಮೈನೋ ಆಮ್ಲಗಳಾಗುತ್ತದೆ. ಕೆಲವರಲ್ಲಿ ಫಿಲಾಗ್ರಿನ್ ಜೀನ್‌ನಲ್ಲೇ ದೋಷ ಇರುತ್ತದೆ. ಈ ದೋಷಕ್ಕೂ ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗಕ್ಕೂ ನಂಟಿದೆ ಎಂದು 2006ರಲ್ಲಿ ಗೊತ್ತಾಯಿತು. ಅಂಥವರ ಚರ್ಮದಲ್ಲಿ ಎನ್‌ಎಂಎಫ್ ಕಡಿಮೆ. ಎಷ್ಟು ಹಚ್ಚಿಕೊಂಡರೂ ಕೈಕಾಲು ಒಣ ಒಣ ಅನ್ನುವವರಲ್ಲಿ ಕೆಲವರಿಗೆ ಕಾರಣ ಇದೇ ಆಗಿರುತ್ತದೆ. ಅವರು ಆರೈಕೆಯಲ್ಲಿ ಏನೋ ತಪ್ಪು ಮಾಡಿದ್ದಾರೆ ಅಂತಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಎನ್‌ಎಂಎಫ್ ನೀರಿನಲ್ಲಿ ಕರಗುತ್ತದೆ. ಗಟ್ಟಿ ಸೋಪು ಹಾಕಿ ಉಜ್ಜಿ ತೊಳೆದಾಗ ಮುಖ ಬಿಗಿ ಬಿಗಿ ಅನ್ನಿಸುತ್ತದಲ್ವಾ? ಕೊಳೆಯ ಜೊತೆಗೆ ಈ ಮಿಶ್ರಣದ ಒಂದು ಪಾಲೂ ಹೋಗಿರುತ್ತದೆ. ಮೂವತ್ತು ಸೆಕೆಂಡಿನಲ್ಲಿ ತೊಳೆದು ಕಳೆದದ್ದನ್ನು ಆಮೇಲೆ ಸೀರಮ್‌ನಿಂದ ತುಂಬಿಸುವುದಕ್ಕಿಂತ, ಕಳೆಯದೇ ಇರುವುದು ಸುಲಭ. ಆದ್ದರಿಂದ ಆಯ್ಕೆ ಶುರುವಾಗಬೇಕಾದದ್ದು ತೊಳೆಯುವ ವಸ್ತುವಿನಿಂದ.

ತೊಳೆಯಲು: ಗ್ಲುಟಮೇಟಾ, ಗ್ಲೈಸಿನೇಟಾ?

‘ಅಮೈನೋ ಆಮ್ಲದ ಫೇಸ್‌ವಾಶ್’ ಎಂದರೆ ಸಾಮಾನ್ಯವಾಗಿ ಅದರೊಳಗಿನ ನೊರೆ ಬರಿಸುವ ವಸ್ತು ಅಮೈನೋ ಆಮ್ಲದಿಂದ ಮಾಡಿದ್ದು ಎಂದರ್ಥ. ತೆಂಗಿನೆಣ್ಣೆಯಂಥ ಎಣ್ಣೆಯಿಂದ ಬಂದ ಕೊಬ್ಬಿನಾಮ್ಲವನ್ನು ಅಮೈನೋ ಆಮ್ಲದ ಜೊತೆ ಜೋಡಿಸಿರುತ್ತಾರೆ. ಕೊಬ್ಬಿನ ಬಾಲ ಎಣ್ಣೆಯನ್ನು ಹಿಡಿಯುತ್ತದೆ, ಅಮೈನೋ ಆಮ್ಲದ ತಲೆ ನೀರಿನ ಜೊತೆ ಹೋಗುತ್ತದೆ. ಲೇಬಲ್‌ನಲ್ಲಿ ಇವು ಸೋಡಿಯಂ ಕೋಕೋಯಿಲ್ ಗ್ಲುಟಮೇಟ್, ಸೋಡಿಯಂ ಕೋಕೋಯಿಲ್ ಗ್ಲೈಸಿನೇಟ್, ಸೋಡಿಯಂ ಲಾರಾಯಿಲ್ ಸಾರ್ಕೊಸಿನೇಟ್, ಸೋಡಿಯಂ ಮಿಥೈಲ್ ಕೋಕೋಯಿಲ್ ಟಾರೇಟ್ ಎಂಬ ಹೆಸರಿನಲ್ಲಿ ಇರುತ್ತವೆ.

ನಾಲ್ಕೂ ಒಂದೇ ಅಂದುಕೊಳ್ಳಬೇಡಿ. ಗ್ಲುಟಮೇಟ್ ತುಂಬಾ ಮೃದು. ಚರ್ಮದ ಪಿಎಚ್‌ಗೆ ಹತ್ತಿರವಾಗಿ, 5ರಿಂದ 6ರ ಆಸುಪಾಸಿನಲ್ಲಿ ಇದನ್ನು ತಯಾರಿಸಬಹುದು. ಪಿಎಚ್ ಎಂದರೆ ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ನೊರೆ ಮಾತ್ರ ಕಡಿಮೆ, ಸಣ್ಣ ಗುಳ್ಳೆಯದ್ದು. ತೊಳೆದ ಮೇಲೆ ಚರ್ಮ ಸ್ವಲ್ಪ ನುಣುಪಾಗಿ ಉಳಿಯುತ್ತದೆ. ಕೆಲವರಿಗೆ ಅದು ‘ಇನ್ನೂ ಹೋಗಿಲ್ಲ’ ಅನ್ನುವ ಹಾಗೆ ಅನಿಸುತ್ತದೆ. ಹಾಗೆ ಅನಿಸಿತು ಅಂತ ಎರಡನೇ ಸಲ ಉಜ್ಜಬೇಕಿಲ್ಲ.

ಗ್ಲೈಸಿನೇಟ್ ಇದಕ್ಕೆ ಹೆಚ್ಚುಕಡಿಮೆ ಎದುರು ಸ್ವಭಾವದ್ದು. ದಟ್ಟವಾದ, ಕೆನೆಯಂಥ ನೊರೆ. ಬೇಗ ತೊಳೆದುಹೋಗುತ್ತದೆ, ಮುಖ ಹಗುರ ಅನಿಸುತ್ತದೆ. ಎಣ್ಣೆ ಚರ್ಮದವರಿಗೆ ಇದು ಇಷ್ಟವಾಗುತ್ತದೆ. ಆದರೆ ಗ್ಲೈಸಿನೇಟ್ ಚೆನ್ನಾಗಿ ಕೆಲಸ ಮಾಡಲು ಪಿಎಚ್ 7ಕ್ಕಿಂತ ಮೇಲಿರಬೇಕು. ಹಾಗಾಗಿ ಗ್ಲೈಸಿನೇಟ್ ಮುಖ್ಯವಾಗಿರುವ ಎಷ್ಟೋ ಫೋಮ್‌ಗಳ ಪಿಎಚ್ ಕ್ಷಾರದ ಕಡೆಗೇ ಇರುತ್ತದೆ. ‘ಅಮೈನೋ ಆಮ್ಲದ್ದು ತಾನೆ, ಮೃದುವಾಗಿಯೇ ಇರುತ್ತದೆ’ ಎಂದು ಎಕ್ಸಿಮಾ ಇರುವವರು ಇದನ್ನು ಕೊಂಡು, ಮುಖ ಉರಿಯಿತು ಎನ್ನುವುದುಂಟು. ಅವರಿಗೆ ಗ್ಲುಟಮೇಟ್ ಅಥವಾ ಟಾರೇಟ್ ಹೆಚ್ಚು ಸರಿ. ಟಾರೇಟ್ ಹುಳಿಯಲ್ಲೂ ಕ್ಷಾರದಲ್ಲೂ ಕೆಡದೆ ನಿಲ್ಲುತ್ತದೆ. ಸಾರ್ಕೊಸಿನೇಟ್‌ನಲ್ಲಿ ನೊರೆ ಚೆನ್ನಾಗಿ ಬರುತ್ತದೆ, ತೊಳೆಯುವ ಬಲವೂ ಜಾಸ್ತಿ. ಅದು ಶಾಂಪೂಗೆ ಒಳ್ಳೆಯ ಜೊತೆಗಾರ.

ಸಲ್ಫೇಟ್‌ಗೆ ಹೋಲಿಸಿದರೆ ಹೇಗೆ? ಸೋಡಿಯಂ ಲಾರಿಲ್ ಸಲ್ಫೇಟನ್ನು ಚರ್ಮದ ಪ್ರಯೋಗಗಳಲ್ಲಿ ಬೇಕೆಂದೇ ಉರಿ ತರಿಸಲು ಬಳಸುತ್ತಾರೆ. ಅದರ ಪಕ್ಕದಲ್ಲಿ ಇವೆಲ್ಲ ಸಾಧುಗಳೇ. ಆದರೂ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟ ತಲೆಗೆ ಬರೀ ಗ್ಲುಟಮೇಟ್ ಶಾಂಪೂ ಒಂದು ಸಲಕ್ಕೆ ಸಾಕಾಗದೆ ಇರಬಹುದು. ಎರಡು ಸಲ ಹಾಕಿ, ಇಲ್ಲವೇ ಗ್ಲುಟಮೇಟ್ ಜೊತೆ ಸಾರ್ಕೊಸಿನೇಟ್ ಇರುವುದನ್ನು ಆರಿಸಿ. ಪಟ್ಟಿಯಲ್ಲಿ ಎರಡನೇ ಜಾಗದಲ್ಲಿ ಸಲ್ಫೇಟ್, ಹತ್ತನೇ ಜಾಗದಲ್ಲಿ ಗ್ಲುಟಮೇಟ್ ಇದ್ದರೆ ಅದು ಸಲ್ಫೇಟ್ ಶಾಂಪೂವೇ. ಮುಂದಿನ ಬದಿಯಲ್ಲಿ ಏನೇ ಬರೆದಿರಲಿ.

ಹಚ್ಚಿ ಬಿಡುವ ಕ್ರೀಮ್, ಸೀರಮ್

ಇಲ್ಲಿ ಅಮೈನೋ ಆಮ್ಲಗಳ ಎದುರಾಳಿ ಗ್ಲಿಸರಿನ್. ಸುಮ್ನೆ ತೇವ ಬೇಕು ಅಂದರೆ ಗ್ಲಿಸರಿನ್ ಅಗ್ಗ, ಬಲವಾದದ್ದು, ಹತ್ತಾರು ವರ್ಷಗಳ ಪರೀಕ್ಷೆಯನ್ನು ದಾಟಿ ಬಂದದ್ದು. ಬರೀ ಗ್ಲೈಸಿನ್ ಅಥವಾ ಬರೀ ಪ್ರೋಲಿನ್ ಅದಕ್ಕೆ ಸಾಟಿಯಲ್ಲ. ಸೋಡಿಯಂ ಪಿಸಿಎ ಮಾತ್ರ ಅದರ ಪಕ್ಕದಲ್ಲಿ ಧೈರ್ಯವಾಗಿ ನಿಲ್ಲುತ್ತದೆ. ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಜಿಗುಟೂ ಕಡಿಮೆ. ಗ್ಲಿಸರಿನ್‌ನ ಅಂಟು ಸಹಿಸದವರಿಗೆ ಪಿಸಿಎ ಮತ್ತು ಬೀಟೈನ್ ಇರುವ ಸೀರಮ್ ಹಿತವಾಗಿರುತ್ತದೆ. ಬೀಟೈನ್ ಎಂದರೆ ಗ್ಲೈಸಿನ್‌ಗೆ ಮೂರು ಮಿಥೈಲ್ ಗುಂಪು ಸೇರಿದ್ದು. ಶಾಂಪೂಗಳಲ್ಲಿ ಕಾಣುವ ಕೊಕಾಮಿಡೊಪ್ರೊಪೈಲ್ ಬೀಟೈನ್ ಬೇರೆಯೇ, ಅದು ನೊರೆಯ ವಸ್ತು.

ಎಕ್ಟೋಯಿನ್ ಬಗ್ಗೆಯೂ ಒಂದು ಮಾತು. ಇದು ಅಮೈನೋ ಆಮ್ಲದ ಒಂದು ರೂಪ. 1985ರಲ್ಲಿ ಈಜಿಪ್ಟಿನ ವಾದಿ ನತ್ರೂನ್ ಉಪ್ಪು ಸರೋವರದ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತು. ಆ ಜೀವಿ ಅಷ್ಟು ಉಪ್ಪಿನಲ್ಲೂ ಒಣಗದೆ ಬದುಕಲು ಇದನ್ನು ತಯಾರಿಸಿಕೊಳ್ಳುತ್ತದೆ. ಕೆಂಪಾಗುವ, ಕೆರಳುವ ಚರ್ಮಕ್ಕೆ ಇದು ಹೊಂದುತ್ತದೆ. ಬೆಲೆ ಜಾಸ್ತಿ.

ಯೂರಿಯಾ ಕೂಡ ಎನ್‌ಎಂಎಫ್‌ನ ಭಾಗವೇ. ಹಿಮ್ಮಡಿ, ಮೊಣಕೈ, ಮೀನಿನ ಚಿಪ್ಪಿನಂತೆ ಬಿರಿಯುವ ಕಾಲಿನ ಚರ್ಮ, ಇಂಥ ಕಡೆ ಅಮೈನೋ ಆಮ್ಲದ ಸೀರಮ್‌ಗೆ ದುಡ್ಡು ಹಾಕಬೇಡಿ. 10% ಯೂರಿಯಾ ಇರುವ ಕ್ರೀಮ್ ಹೆಚ್ಚು ಕೆಲಸ ಮಾಡುತ್ತದೆ. ಬಿರುಕು ಬಿಟ್ಟು ರಕ್ತ ಬಂದ ಕಡೆ ಯೂರಿಯಾ ಉರಿಯುತ್ತದೆ, ಅಲ್ಲಿ ಮೊದಲು ಪೆಟ್ರೋಲಿಯಂ ಜೆಲ್ಲಿ.

ಗ್ಲೈಸಿನ್ ಕ್ರೀಮ್ ಹಚ್ಚಿದರೆ ಕೊಲ್ಯಾಜನ್ ಹೆಚ್ಚುತ್ತದೆ ಎಂಬ ಮಾತು ಕೇಳಿರಬಹುದು. ಕೊಲ್ಯಾಜನ್‌ನಲ್ಲಿ ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸಿನ್ ಎಂಬುದು ನಿಜ. ಆದರೆ ಕೊಲ್ಯಾಜನ್ ತಯಾರಾಗುವುದು ಚರ್ಮದ ಒಳಪದರದಲ್ಲಿ. ಅಲ್ಲಿನ ಕೋಶಗಳಿಗೆ ಗ್ಲೈಸಿನ್ ರಕ್ತದಿಂದ ಸಿಗುತ್ತದೆ. ಮೇಲೆ ಹಚ್ಚಿದ್ದು ಬಹುಪಾಲು ಮೇಲಿನ ಪದರದಲ್ಲೇ ಉಳಿಯುತ್ತದೆ. ಗ್ಲೈಸಿನ್‌ನ ಅಣುತೂಕ 75, ಆರ್ಜಿನೈನ್‌ನದು 174. ಚರ್ಮ ದಾಟಲು 500ಕ್ಕಿಂತ ಕಡಿಮೆ ಇರಬೇಕು ಎಂಬ ಲೆಕ್ಕದಲ್ಲಿ ಇವು ತೀರಾ ಸಣ್ಣವು. ಆದರೆ ಇವು ವಿದ್ಯುದಾವೇಶ ಹೊತ್ತ, ನೀರನ್ನು ಇಷ್ಟಪಡುವ ಅಣುಗಳು. ಚರ್ಮದ ಮೇಲ್ಪದರದ ಕೊಬ್ಬಿನ ನಡುವೆ ಇವಕ್ಕೆ ಸುಲಭವಾಗಿ ದಾರಿ ಸಿಗುವುದಿಲ್ಲ. ತೇವದ ಕೆಲಸಕ್ಕೆ ಮೇಲೆ ಉಳಿಯುವುದೇ ಬೇಕಾದದ್ದು, ಹಾಗಾಗಿ ಅದು ಕೊರತೆಯೇನಲ್ಲ. ಸುಕ್ಕು ಹೋಗಲಿ ಎಂದು ಕೊಳ್ಳುವವರಿಗೆ ಮಾತ್ರ ಇದರಿಂದ ನಿರಾಸೆ.

ಆರ್ಜಿನೈನ್ ನಿಜವಾಗಿ ಏನು ಮಾಡುತ್ತದೆ

ಆರ್ಜಿನೈನ್ ಅನ್ನು ಮೊದಲು ಬೇರ್ಪಡಿಸಿದ್ದು 1886ರಲ್ಲಿ, ಲೂಪಿನ್ ಕಾಳಿನ ಮೊಳಕೆಯಿಂದ. ಈಗ ಬ್ಯಾಕ್ಟೀರಿಯಾ ಬಳಸಿ ಹುದುಗಿಸಿ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಾರೆ. ಪ್ರೋಟೀನ್ ಕಟ್ಟುವ 20 ಅಮೈನೋ ಆಮ್ಲಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು ಕ್ಷಾರ ಗುಣದ್ದು. ಹೆಸರಿನಲ್ಲಿ ‘ಆಮ್ಲ’ ಇದ್ದರೂ ನೀರಿಗೆ ಹಾಕಿದರೆ ಪಿಎಚ್ 10 ದಾಟುತ್ತದೆ. ಕ್ರೀಮ್, ಜೆಲ್‌ಗಳಲ್ಲಿ ಆರ್ಜಿನೈನ್ ಇಷ್ಟು ಕಾಣಿಸಲು ಮುಖ್ಯ ಕಾರಣ ಇದೇ.

ಜೆಲ್ ತಯಾರಿಸುವವರ ಮೇಜಿನ ಮೇಲೆ ಇದನ್ನು ಕಣ್ಣಾರೆ ನೋಡಬಹುದು. ಕಾರ್ಬೊಮರ್ ಎಂಬ, ಜೆಲ್ ಕಟ್ಟುವ ಪುಡಿಯನ್ನು ನೀರಿಗೆ ಉದುರಿಸಿ ಕಲಕುತ್ತಾರೆ. ಅದು ನೆನೆದು ಮಬ್ಬು ಮಬ್ಬಾದ, ತೆಳ್ಳಗಿನ ದ್ರವವಾಗುತ್ತದೆ. ಪಿಎಚ್ ಸುಮಾರು 3. ಚಮಚ ಎತ್ತಿದರೆ ನೀರಿನ ಹಾಗೇ ಸುರಿಯುತ್ತದೆ. ಅದಕ್ಕೆ ಆರ್ಜಿನೈನ್ ಕರಗಿಸಿದ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಬಂದರೆ, ಹುಳಿ ಇಳಿಯುತ್ತಾ ಚಮಚ ತಿರುಗಿಸುವುದು ಕಷ್ಟವಾಗುತ್ತದೆ. ಮಬ್ಬು ಕರಗಿ ತಿಳಿಯಾದ, ನಡುಗುವ ಜೆಲ್ ನಿಲ್ಲುತ್ತದೆ. ಇದೇ ಕೆಲಸವನ್ನು ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಟ್ರೈಎಥನಾಲಮೈನ್ ಕೂಡ ಮಾಡುತ್ತವೆ. ಆರ್ಜಿನೈನ್ ಹಾಕಿದರೆ ಚರ್ಮಕ್ಕೆ ಪರಿಚಿತವಾದ ವಸ್ತುವಿನಿಂದಲೇ ಆ ಕೆಲಸ ಆಯಿತು. ಅದು ಒಳ್ಳೆಯದೇ. ಆದರೆ ಒಂದು ಅಲೋವೆರಾ ಜೆಲ್‌ನ ಪಟ್ಟಿಯಲ್ಲಿ ಕಾರ್ಬೊಮರ್ ಮತ್ತು ಆರ್ಜಿನೈನ್ ಎರಡೂ ಇದ್ದರೆ, ಆ ಆರ್ಜಿನೈನ್ ಅಲ್ಲಿರುವುದು ಬಹುತೇಕ ಜೆಲ್ ಕಟ್ಟಲು. ‘ಆರ್ಜಿನೈನ್ ಪೋಷಣೆ’ ಎಂದು ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಗ್ಲೈಕಾಲಿಕ್ ಆಮ್ಲದಂಥ ಎಎಚ್‌ಎ (ಚರ್ಮದ ಸತ್ತ ಪದರ ಸುಲಿಯುವ ಆಮ್ಲ) ಸೀರಮ್ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಕೆಲವು ಸೀರಮ್‌ಗಳಲ್ಲಿ ಗ್ಲೈಕಾಲಿಕ್ ಆಮ್ಲದ ಜೊತೆ ಆರ್ಜಿನೈನ್ ಹಾಕಿರುತ್ತಾರೆ. ಆಮ್ಲ ನಿಧಾನವಾಗಿ ಒಳಗೆ ಹೋಗಲಿ, ಚುರುಗುಟ್ಟುವುದು ಕಡಿಮೆಯಾಗಲಿ ಎಂಬ ಉದ್ದೇಶ. ಸೂಕ್ಷ್ಮ ಚರ್ಮದವರಿಗೆ ಇದು ನಿಜವಾಗಿ ಉಪಯೋಗ. ಆದರೆ ಆರ್ಜಿನೈನ್ ಹಾಕಿದಷ್ಟೂ ಸಿಪ್ಪೆ ಸುಲಿಯುವ ಬಲ ತಗ್ಗುತ್ತದೆ. 10% ಎಂದು ಬರೆದ ಎರಡು ಸೀರಮ್‌ಗಳು ಮುಖದ ಮೇಲೆ ಬೇರೆ ಬೇರೆಯಾಗಿ ವರ್ತಿಸುವುದಕ್ಕೆ ಇದೂ ಒಂದು ಕಾರಣ. ಶುರು ಮಾಡುವವರು ಆರ್ಜಿನೈನ್ ಇರುವುದನ್ನೇ ಆರಿಸಿ.

ಹೇರ್ ಡೈನಲ್ಲೂ ಆರ್ಜಿನೈನ್ ಸಿಗುತ್ತದೆ. ಅಮೋನಿಯಾ ಇಲ್ಲದ ಕೆಲವು ಡೈಗಳಲ್ಲಿ ಕೂದಲಿನ ಹೊರಪದರ ಉಬ್ಬಿಸಲು ಬೇಕಾದ ಕ್ಷಾರವನ್ನು ಮೋನೋಎಥನಾಲಮೈನ್, ಆರ್ಜಿನೈನ್ ಇಂಥವುಗಳಿಂದ ಪಡೆಯುತ್ತಾರೆ. ಘಾಟು ಕಡಿಮೆಯಾಗುತ್ತದೆ, ಅದು ನಿಜವಾದ ಲಾಭ. ಕೂದಲಿಗೆ ಹಾನಿ ಆಗುವುದೇ ಇಲ್ಲ ಎಂದಲ್ಲ. ಕ್ಷಾರವೂ ಪೆರಾಕ್ಸೈಡ್ ಕೂಡ ಅಲ್ಲಿ ಇದ್ದೇ ಇರುತ್ತವೆ. ಡೈ ಅಲರ್ಜಿಗೆ ಕಾರಣವಾಗುವ ಪಿಪಿಡಿ ಇದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಇನ್ನು ಎಲ್ಲಕ್ಕಿಂತ ದೊಡ್ಡ ಭರವಸೆ: ಆರ್ಜಿನೈನ್ ಹಚ್ಚಿದರೆ ಕೂದಲು ಬೆಳೆಯುತ್ತದೆ. ಈ ವಾದ ಹುಟ್ಟುವುದು ಒಂದು ನಿಜವಾದ ಸಂಗತಿಯಿಂದ. ದೇಹ ಆರ್ಜಿನೈನ್‌ನಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ಅದು ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ. ನೈಟ್ರಿಕ್ ಆಕ್ಸೈಡ್‌ನ ಈ ಪಾತ್ರವನ್ನು ಕಂಡುಹಿಡಿದದ್ದಕ್ಕೆ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಅವರಿಗೆ 1998ರ ವೈದ್ಯಕೀಯ ನೊಬೆಲ್ ಬಂತು. ಅಲ್ಲಿಂದ ‘ನೆತ್ತಿಗೆ ಹಚ್ಚಿ, ರಕ್ತ ಹರಿಯುತ್ತದೆ, ಕೂದಲು ಬರುತ್ತದೆ’ ಎಂದು ಜಿಗಿಯುತ್ತಾರೆ. ಶಾಂಪೂವಿನ ಆರ್ಜಿನೈನ್ ಎರಡು ನಿಮಿಷ ತಲೆಯ ಮೇಲಿದ್ದು ಮೋರಿಗೆ ಹೋಗುತ್ತದೆ. ಉಳಿದರೂ ಕೂದಲಿನ ಬೇರಿನವರೆಗೆ ಸಾಕಷ್ಟು ಇಳಿಯಬೇಕು. ಇಳಿದರೂ ಹೆಚ್ಚಿನವರ ಕೂದಲು ತೆಳುವಾಗುವುದು ರಕ್ತ ಕಡಿಮೆಯಾಗಿ ಅಲ್ಲ, ವಂಶ ಮತ್ತು ಹಾರ್ಮೋನಿನ ಕಾರಣದಿಂದ. ಅದಕ್ಕೆ ಹಚ್ಚುವ ಔಷಧಗಳಲ್ಲಿ ಗಟ್ಟಿ ಪುರಾವೆ ಇರುವುದು ಮಿನಾಕ್ಸಿಡಿಲ್‌ಗೆ. ಕೂದಲು ಉದುರುತ್ತಿದೆ ಎಂದು ಕಂಗಾಲಾದವರು ಇಂಥ ಶಾಂಪೂ ಒಂದರ ಮೇಲೊಂದು ಕೊಂಡು ತಿಂಗಳುಗಟ್ಟಲೆ ಕಾಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ತಿಂಗಳುಗಳು ವಾಪಸ್ ಬರುವುದಿಲ್ಲ. ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ.

ಬೆಳೆದ ಕೂದಲಿಗೆ: ಆರ್ಜಿನೈನ್, ಪ್ರೋಟೀನ್, ಸಿಸ್ಟೀನ್

ಬೆಳೆದು ಹೊರಬಂದ ಕೂದಲಿನ ವಿಷಯದಲ್ಲಿ ಆರ್ಜಿನೈನ್‌ಗೆ ಒಂದು ನಿಜವಾದ ಅನುಕೂಲ ಇದೆ. ಅದು ಧನ ಆವೇಶದ ಅಣು. ಕೂದಲಿನ ಮೇಲ್ಮೈ ಸಾಮಾನ್ಯವಾಗಿ ಋಣ ಆವೇಶದ್ದು. ಬ್ಲೀಚ್ ಮಾಡಿದಾಗ ಕೂದಲಿನ ಸಿಸ್ಟೀನ್ ಬಂಧಗಳು ಮುರಿದು ಸಿಸ್ಟೀಯಿಕ್ ಆಮ್ಲವಾಗುತ್ತವೆ, ಋಣ ಆವೇಶ ಇನ್ನೂ ಹೆಚ್ಚುತ್ತದೆ. ಹಾಗಾಗಿ ಆರ್ಜಿನೈನ್ ಹೆಚ್ಚು ಹಾಳಾದ ಜಾಗಕ್ಕೇ ಹೆಚ್ಚು ಅಂಟುತ್ತದೆ. ಗ್ಲೈಸಿನ್, ಸೆರೀನ್‌ಗಳಿಗೆ ಈ ಹಿಡಿತ ಇಲ್ಲ, ತೊಳೆದರೆ ಹೊರಟುಹೋಗುತ್ತವೆ.

ಹಾಗಂತ ಆರ್ಜಿನೈನ್ ನೋಡಿಯೇ ಕಂಡೀಷನರ್ ಆರಿಸಬೇಡಿ. ಸಿಕ್ಕು ಬಿಡಿಸುವ, ನುಣುಪು ಕೊಡುವ ಕೆಲಸದಲ್ಲಿ ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಸೆಟ್ರಿಮೋನಿಯಂ ಕ್ಲೋರೈಡ್ ಇವುಗಳ ಮುಂದೆ ಅದು ಸಣ್ಣದು. ಅವು ಇದ್ದು ಜೊತೆಗೆ ಆರ್ಜಿನೈನ್ ಇದ್ದರೆ ಸಂತೋಷ. ಆರ್ಜಿನೈನ್‌ಗೆ ನಿಜವಾದ ಅವಕಾಶ ಸಿಗುವುದು ಹಚ್ಚಿ ಬಿಡುವ ಲೀವ್‌ಇನ್‌ನಲ್ಲಿ, ಹೇರ್ ಮಾಸ್ಕ್‌ನಲ್ಲಿ.

ಪ್ರೋಟೀನ್ ಹೆಸರುಗಳಲ್ಲಿ ಒಂದು ವ್ಯತ್ಯಾಸ ಇದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ‘ಕೆರಾಟಿನ್ ಅಮೈನೋ ಆಸಿಡ್ಸ್’, ‘ಸಿಲ್ಕ್ ಅಮೈನೋ ಆಸಿಡ್ಸ್’ ಎಂದರೆ ಪ್ರೋಟೀನನ್ನು ಹೆಚ್ಚುಕಡಿಮೆ ಪೂರ್ತಿ ಒಡೆದದ್ದು. ಅವು ತೇವಕ್ಕೆ. ‘ಹೈಡ್ರೊಲೈಸ್ಡ್ ಕೆರಾಟಿನ್’, ‘ಹೈಡ್ರೊಲೈಸ್ಡ್ ಸಿಲ್ಕ್’ ಎಂದರೆ ಇನ್ನೂ ತುಂಡು ತುಂಡಾಗಿ ಉಳಿದಿರುವುದು. ಸಣ್ಣ ತುಂಡುಗಳು ಕೂದಲಿನೊಳಗೆ ಸ್ವಲ್ಪ ಹೋಗುತ್ತವೆ, ದೊಡ್ಡವು ಮೇಲೆ ತೆಳು ಪದರವಾಗಿ ಕೂರುತ್ತವೆ. ಬ್ಲೀಚ್ ಆಗಿ ಒದ್ದೆಯಲ್ಲಿ ರಬ್ಬರಿನಂತೆ ಎಳೆದುಕೊಳ್ಳುವ ಕೂದಲಿಗೆ ಎರಡನೆಯದು ಹೆಚ್ಚು ಉಪಯೋಗ. ಹಾಳಾಗದ, ಸಣ್ಣ ಎಳೆಯ ಕೂದಲಿಗೆ ಪದೇ ಪದೇ ಹಾಕಿದರೆ ಗಡುಸಾಗಬಹುದು. ಹಾಗಾದರೆ ಅಂತರ ಹೆಚ್ಚಿಸಿ.

ಗೋಧಿ ಅಲರ್ಜಿ ಇರುವವರಿಗೆ ಹೈಡ್ರೊಲೈಸ್ಡ್ ಗೋಧಿ ಪ್ರೋಟೀನ್ ಬೇಡ. ಜಪಾನಿನಲ್ಲಿ ಇಂಥ ಪ್ರೋಟೀನ್ ಇದ್ದ ಒಂದು ಮುಖದ ಸೋಪು ಬಳಸಿ 2000ಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಬಂತು. ಗೋಧಿ ತಿಂದಾಗಲೂ ಅವರಿಗೆ ತೊಂದರೆಯಾಗುತ್ತಿತ್ತು. ಅಲ್ಲಿ ಬಳಸಿದ್ದ ತುಂಡುಗಳು ತೀರಾ ದೊಡ್ಡವು. ಆಮೇಲೆ ಯುರೋಪಿಯನ್ ಒಕ್ಕೂಟ ತುಂಡಿನ ಸರಾಸರಿ ಗಾತ್ರ 3.5 ಕಿಲೋಡಾಲ್ಟನ್ (ಅಣುತೂಕದ ಅಳತೆ) ಮೀರಬಾರದು ಎಂದು ನಿಯಮ ಮಾಡಿತು. ಬಿಡಿ ಅಮೈನೋ ಆಮ್ಲಗಳಲ್ಲಿ ಈ ಭಯ ತೀರಾ ಕಡಿಮೆ.

ಸಿಸ್ಟೀನ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳುತ್ತೇನೆ. ಕೂದಲಿನಲ್ಲಿ ಜೋಡಿಯಾಗಿ ಬೆಸೆದ ಸಿಸ್ಟೀನ್ 14ರಿಂದ 18%ರಷ್ಟಿದೆ. ಎರಡು ಗಂಧಕದ ಪರಮಾಣುಗಳು ಕೈಹಿಡಿದ ಆ ಬಂಧವೇ ಕೂದಲಿಗೆ ಬಲ, ಗುಂಗುರು, ಆಕಾರ ಕೊಡುವುದು. ಪಾರ್ಲರ್‌ನಲ್ಲಿ ಹಚ್ಚುವ ಸಿಸ್ಟೀನ್ ಆ ಬಂಧವನ್ನು ಬಿಡಿಸುತ್ತದೆ. ಆಮೇಲೆ ಹೊಸ ಆಕಾರದಲ್ಲಿ ಕೂಡಿಸುತ್ತಾರೆ. ಇದೇ ಕೆಲಸಕ್ಕೆ ಬಳಸುವ ಥಯೋಗ್ಲೈಕಾಲಿಕ್ ಆಮ್ಲಕ್ಕಿಂತ ಇದು ಮೆತ್ತಗೆ ಕೆಲಸ ಮಾಡುತ್ತದೆ, ಪರಿಣಾಮವೂ ಅಷ್ಟು ಗಟ್ಟಿಯಲ್ಲ. ಪೋಷಣೆ ಎಂದು ಹೇಳಿ ಮಾಡಿದರೂ ಇದು ರಾಸಾಯನಿಕ ಬದಲಾವಣೆ.

ಇನ್ನೂ ಎಚ್ಚರ ಬೇಕಾದದ್ದು ‘ಅಮೈನೋ ಆಮ್ಲದ ಸ್ಟ್ರೇಟನಿಂಗ್’, ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಮಾಡುವ ಕೆಲವು ಚಿಕಿತ್ಸೆಗಳಲ್ಲಿ. ಲೇಬಲ್ ಕೇಳಿ ನೋಡಿ. ಗ್ಲೈಆಕ್ಸಿಲಾಯಿಲ್ ಕಾರ್ಬೊಸಿಸ್ಟೀನ್, ಗ್ಲೈಆಕ್ಸಿಲಾಯಿಲ್ ಕೆರಾಟಿನ್ ಅಮೈನೋ ಆಸಿಡ್ಸ್, ಗ್ಲೈಆಕ್ಸಿಲಿಕ್ ಆಸಿಡ್ ಎಂಬ ಹೆಸರು ಇದ್ದರೆ, ಕೆಲಸ ಮಾಡುತ್ತಿರುವುದು ಗ್ಲೈಆಕ್ಸಿಲಿಕ್ ಆಮ್ಲದ ಕುಟುಂಬ. ಕಾದ ಇಸ್ತ್ರಿ ಎಳೆದಾಗ ಇದರಿಂದಲೂ ಫಾರ್ಮಾಲ್ಡಿಹೈಡ್ ಹೊರಬರಬಹುದು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಹೇಳಿದೆ. 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಬ್ಬ ಯುವತಿಯ ವಿವರ ಪ್ರಕಟವಾಯಿತು. ಗ್ಲೈಆಕ್ಸಿಲಿಕ್ ಆಮ್ಲ ಇದ್ದ ಕ್ರೀಮಿನಿಂದ ಕೂದಲು ನೇರ ಮಾಡಿಸಿಕೊಂಡ ಪ್ರತಿ ಸಲವೂ ಅವರ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ನನ್ನ ಕೇಳಿದರೆ, ಈ ಹೆಸರುಗಳು ಕಂಡರೆ ಬೇಡ ಎಂದು ಎದ್ದು ಬನ್ನಿ. ಲೇಬಲ್ ತೋರಿಸಲು ಒಪ್ಪದಿದ್ದರೂ ಅಷ್ಟೇ.

ಕಪ್ಪು ಕಲೆಗೆ

ಟ್ರಾನೆಕ್ಸಾಮಿಕ್ ಆಮ್ಲವೂ ಈ ಕುಟುಂಬದ ನೆಂಟನೇ. ಲೈಸಿನ್ ಎಂಬ ಅಮೈನೋ ಆಮ್ಲವನ್ನು ಹೋಲುವ, ಪ್ರಯೋಗಾಲಯದಲ್ಲಿ ಮಾಡಿದ ವಸ್ತು. ರಕ್ತಸ್ರಾವ ನಿಲ್ಲಿಸಲು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ 1962ರಲ್ಲಿ ಇದನ್ನು ಪ್ರಕಟಿಸಿದರು. ಈಗ 2ರಿಂದ 5% ಸೀರಮ್‌ಗಳಲ್ಲಿ ಬಂಗಿನಂಥ ಕಲೆಗಳಿಗೆ ಬಳಕೆಯಲ್ಲಿದೆ. ಕಲೆ ತಿಳಿಯಾಗಲಿ ಎಂದು ಅಮೈನೋ ಆಮ್ಲ ಹುಡುಕುತ್ತಿದ್ದರೆ ಇದನ್ನು ನೋಡಿ, ಆರ್ಜಿನೈನ್ ಅಥವಾ ಗ್ಲೈಸಿನ್ ಬೇಡ. ಸನ್‌ಸ್ಕ್ರೀನ್ ಇಲ್ಲದೆ ಇದರಿಂದಲೂ ಪ್ರಯೋಜನ ಇಲ್ಲ. ಮಾತ್ರೆಯಾಗಿ ಡಾಕ್ಟರು ಹೇಳದೆ ತೆಗೆದುಕೊಳ್ಳಲೇಬಾರದು.

ಲೇಬಲ್ ಓದುವ ಬಗೆ

ಒಂದು ಕಂಡೀಷನರ್‌ನ ಹಿಂಬದಿ ಹೀಗಿದೆ ಎಂದುಕೊಳ್ಳಿ: ನೀರು, ಸೆಟಿಯರಿಲ್ ಆಲ್ಕೋಹಾಲ್, ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಗ್ಲಿಸರಿನ್, ಪರಿಮಳ, ಫೀನಾಕ್ಸಿಎಥನಾಲ್, ಸೋಡಿಯಂ ಪಿಸಿಎ, ಸೋಡಿಯಂ ಲ್ಯಾಕ್ಟೇಟ್, ಆರ್ಜಿನೈನ್, ಆಸ್ಪಾರ್ಟಿಕ್ ಆಸಿಡ್, ಪಿಸಿಎ, ಗ್ಲೈಸಿನ್, ಅಲನೈನ್, ಸೆರೀನ್, ವ್ಯಾಲಿನ್, ಪ್ರೋಲಿನ್.

ಪಟ್ಟಿಯಲ್ಲಿ ವಸ್ತುಗಳು ಪ್ರಮಾಣ ಇಳಿಯುವ ಕ್ರಮದಲ್ಲಿ ಇರುತ್ತವೆ. 1%ಗಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಫೀನಾಕ್ಸಿಎಥನಾಲ್ ಎಂಬ ಪ್ರಿಸರ್ವೇಟಿವ್‌ಗೆ ಯುರೋಪಿನಲ್ಲಿ 1% ಮಿತಿ ಇದೆ, ಬೇರೆ ಕಡೆಯೂ ಸಾಮಾನ್ಯವಾಗಿ ಅಷ್ಟರೊಳಗೇ ಹಾಕುತ್ತಾರೆ. ಹಾಗಾದರೆ ಅದರ ನಂತರ ಬರುವ ಎಲ್ಲವೂ 1% ಅಥವಾ ಅದಕ್ಕೂ ಕಡಿಮೆ. ಪಿಸಿಎ, ಲ್ಯಾಕ್ಟೇಟ್, ಏಳು ಅಮೈನೋ ಆಮ್ಲ ಹೀಗೆ ಸಾಲಾಗಿ ಬಂದರೆ ಅದು ಹೆಚ್ಚಿನ ಸಲ ಕಚ್ಚಾವಸ್ತು ಕಂಪನಿಗಳು ಮಾರುವ ಒಂದೇ ಸಿದ್ಧ ಮಿಶ್ರಣ, ಎನ್‌ಎಂಎಫ್ ಮಾದರಿಯದ್ದು. ಹೆಸರು ಹತ್ತು ಇದ್ದರೂ ಹಾಕಿರುವುದು ಒಂದೇ ವಸ್ತುವಿನ ಒಂದು ಚಿಟಿಕೆ. ಇದೇ ಸಾಲು ಹಚ್ಚಿ ಬಿಡುವ ಸೀರಮ್‌ನಲ್ಲಿ ಗ್ಲಿಸರಿನ್ ಹತ್ತಿರ, ಮೇಲೆ ಇದ್ದರೆ ಬೆಲೆ ಇದೆ. ತೊಳೆದು ಬಿಡುವ ಕಂಡೀಷನರ್‌ನ ಬುಡದಲ್ಲಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಮೊದಲ ಮೂರು ಹೆಸರು ನೋಡಿ ಆರಿಸಿ.

ನಿಮ್ಮ ಸ್ಥಿತಿಗೆ ಯಾವುದು

ಒಣ, ಬೇಗ ಕೆರಳುವ ಚರ್ಮವಾದರೆ ಗ್ಲುಟಮೇಟ್ ಅಥವಾ ಟಾರೇಟ್ ಕ್ಲೆನ್ಸರ್. ಮೇಲೆ ಗ್ಲಿಸರಿನ್, ಪಿಸಿಎ, ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು) ಇರುವ ಕ್ರೀಮ್. ಗಾಳಿ ಒಣಗಿದ್ದರೆ ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿಯ ತೆಳು ಪದರ. ನೀರು ಎಳೆಯುವ ವಸ್ತು ಒಂದೇ ಇದ್ದು, ಆ ನೀರನ್ನು ತಡೆಯುವುದು ಏನೂ ಇಲ್ಲದಿದ್ದರೆ ಚರ್ಮ ಮತ್ತೆ ಒಣಗುತ್ತದೆ.

ಎಣ್ಣೆ ಚರ್ಮದವರಿಗೆ ಗ್ಲೈಸಿನೇಟ್ ಸರಿ, ಆದರೆ ದಿನಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಡ. ಮೊಡವೆಗೆ ಔಷಧ ಹಚ್ಚುತ್ತಿದ್ದರೆ, ಅಡಾಪಲೀನ್, ಬೆನ್ಜಾಯಿಲ್ ಪೆರಾಕ್ಸೈಡ್ ಇಂಥವು, ಆಗ ಎಣ್ಣೆ ಚರ್ಮದವರೂ ಗ್ಲುಟಮೇಟ್ ಕಡೆಗೇ ಬನ್ನಿ. ಔಷಧವೇ ಚರ್ಮವನ್ನು ಸಾಕಷ್ಟು ಒಣಗಿಸಿರುತ್ತದೆ.

ಬ್ಲೀಚ್, ಡೈ, ಇಸ್ತ್ರಿ ಕಂಡ ಕೂದಲಿಗೆ ಬೆಹೆನ್‌ಟ್ರೈಮೋನಿಯಂ ಇರುವ ಕಂಡೀಷನರ್, ಆಗಾಗ ಹೈಡ್ರೊಲೈಸ್ಡ್ ಕೆರಾಟಿನ್ ಮಾಸ್ಕ್, ಆರ್ಜಿನೈನ್ ಬೇಕೆಂದರೆ ಲೀವ್‌ಇನ್‌ನಲ್ಲಿ. ಯಾವುದೂ ಸೀಳಿದ ತುದಿಯನ್ನು ಬೆಸೆಯುವುದಿಲ್ಲ, ಅದನ್ನು ಕತ್ತರಿಸಲೇಬೇಕು. ಪ್ರಾಣಿಮೂಲ ಬೇಡ ಎನ್ನುವವರು ಕೆರಾಟಿನ್, ಸಿಲ್ಕ್ ಬಿಟ್ಟು ಬಟಾಣಿ ಅಥವಾ ಅಕ್ಕಿಯ ಪ್ರೋಟೀನ್ ಹುಡುಕಬೇಕು. ಸಿಸ್ಟೀನ್ ಗರಿಯಿಂದಲೂ ಬರುತ್ತದೆ, ಹುದುಗಿಸಿಯೂ ಮಾಡುತ್ತಾರೆ. ಅದನ್ನು ಕಂಪನಿಯನ್ನೇ ಕೇಳಿ ತಿಳಿಯಬೇಕು.

ಎಲ್ಲವನ್ನೂ ಒಟ್ಟಿಗೆ ಬದಲಿಸುವಷ್ಟು ಹಣ ಕೈಯಲ್ಲಿ ಇಲ್ಲದಿದ್ದರೆ ಮುಖ ತೊಳೆಯುವುದನ್ನು ಮೊದಲು ಬದಲಿಸಿ, ಕ್ರೀಮ್ ಇದ್ದದ್ದೇ ಇರಲಿ. ಹೊಸದನ್ನು ಮೊದಲ ಕೆಲವು ದಿನ ಮೊಣಕೈ ಒಳಬದಿಯ ಒಂದೇ ಜಾಗಕ್ಕೆ ಹಾಕಿ ತೊಳೆಯಿರಿ. ಅಲ್ಲಿ ಕೆಂಪಾಗದೆ, ತುರಿಕೆ ಬಾರದೆ ಇದ್ದರೆ ಮುಖಕ್ಕೆ ಶುರು ಮಾಡಿ.